ದಿಂಬಿನಂಗಡಿಯ ಸಂಸ್ಥಾಪಕಿ

ಮಾರ್ಚ್ ೩, ಸೋಮವಾರ

ಇವತ್ತಿನಿಂದ ನಾನು ಸಂಸ್ಥಾಪಕಿ. ಇದನ್ನು ಎಲ್ಲಾದರೂ ಬರೆಯದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ ಎನ್ನಿಸಿ ಈ ಖಾಲಿ ಪುಸ್ತಕ ಹುಡುಕಿ ತೆಗೆದೆ. 'ಗಂಟೆ ಬಾರಿಸಿ'ಯಲ್ಲಿ ಗೆದ್ದವರೆಲ್ಲ ಹೇಳುವುದೂ ಅದನ್ನೇ: ಮೊದಲ ದಿನದಿಂದ ದಿನಚರಿ ಇಡಿ, ಮುಂದೆ ನಿಮ್ಮ ಜೀವನಚರಿತ್ರೆ ಬರೆಯುವವರಿಗೆ ಅನುಕೂಲ. ಅವರು ಬರುವ ತನಕ ಇದನ್ನು ಓದುವ ಹಕ್ಕು ನನಗೊಬ್ಬಳಿಗೇ.

ಆದದ್ದು ಇಷ್ಟು. ಊಟಕ್ಕೆ ಕೂತಾಗ ದೊಡ್ಡಮ್ಮ ತಣ್ಣಗೆ ಹೇಳಿದಳು, "ಏಪ್ರಿಲ್ ಕೊನೆಗೆ ಅಂಗಡಿ ಮುಚ್ಚಿಬಿಡ್ತೀನಿ. ಹತ್ತಿ ಧೂಳು ಎದೆಗೆ ಆಗ್ತಿಲ್ಲ, ಡಾಕ್ಟರು ಸಾಕು ಅಂದಿದಾರೆ." ಅಮ್ಮ ಅನ್ನದ ಕೈ ಹಾಗೇ ಹಿಡಿದು ಕೂತಳು. ದೊಡ್ಡಮ್ಮನ ದಿಂಬಿನಂಗಡಿ ಇಲ್ಲದ ಬೀದಿಯನ್ನು ನಮ್ಮ ಮನೆಯಲ್ಲಿ ಯಾರೂ ಕಂಡವರಲ್ಲ. ಆದರೆ ನನ್ನ ತಲೆಯಲ್ಲಿ ಮಾತ್ರ ಗಂಟೆ ಬಾರಿಸಿತು.

"ದೊಡ್ಡಮ್ಮ, ಅಂಗಡಿ ನನಗೆ ಕೊಡು."

"ಒಂದು ದಿನ ಕಸ ಗುಡಿಸೋಕೆ ಬಂದವಳಲ್ಲ, ಈಗ ಅಂಗಡಿ ಬೇಕಂತೆ," ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಸರಿ. ಏಪ್ರಿಲ್ ಕೊನೇವರೆಗೂ ನೋಡ್ತೀನಿ. ನಿನ್ನ ಕೈಲಿ ನಡೆಯುತ್ತೆ ಅನ್ನಿಸಿದ್ರೆ ಬಾಡಿಗೆ ಕರಾರು ನಿನ್ನ ಹೆಸರಿಗೆ. ಇಲ್ಲಾಂದ್ರೆ ಮೊಬೈಲ್ ರಿಪೇರಿಯವರಿಗೆ. ಅವರು ಯಾವಾಗಿಂದಲೋ ಕಾಯ್ತಿದಾರೆ."

ನಾನು ಆಗಲೇ ಜಿರಾಫೆಗೆ ಫೋನ್ ಹಚ್ಚಿದ್ದೆ. ಜಿರಾಫೆ ನನ್ನ ಕಾಲೇಜು ಗೆಳತಿ. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದವಳು, ಅದಕ್ಕೆ ಆ ಹೆಸರು. ಇಬ್ಬರೂ ಮೂರು ವರ್ಷದಿಂದ ಒಂದು ಭಾನುವಾರವೂ 'ಗಂಟೆ ಬಾರಿಸಿ' ಬಿಟ್ಟವರಲ್ಲ. ಟೀವಿಯಲ್ಲಿ ನಾಲ್ವರು ಸಾಹುಕಾರರು ಕುರ್ಚಿಯಲ್ಲಿ ಕೂತಿರುತ್ತಾರೆ. ನಮ್ಮಂಥವರು ಹೋಗಿ ನಿಂತು ತಮ್ಮ ವ್ಯಾಪಾರದ ಕನಸು ಹೇಳಬೇಕು. ಮೆಚ್ಚಿದವರು ಮುಂದಿರುವ ಗಂಟೆ ಬಾರಿಸಿ ಹಣ ಹೂಡುತ್ತಾರೆ. ಅವರಲ್ಲೊಬ್ಬರು, ಒಂದೇ ಹುಬ್ಬು ಏರಿಸಿ ಎದುರಿನವರ ಜೀವ ತೆಗೆಯುವ ಹುಬ್ಬು ಸಾಹುಕಾರರು, ಒಮ್ಮೆ "ಸಂಬಳ ಅನ್ನೋದು ನಿದ್ದೆ ಮಾತ್ರೆ" ಎಂದರು. ಮಾರನೆಯ ದಿನವೇ ನಾನು ಒಂದು ಸಂದರ್ಶನಕ್ಕೆ ಹೋಗುವುದನ್ನು ಬಿಟ್ಟೆ. ಅಪ್ಪ ಇನ್ನೂ ಆ ಹುಬ್ಬಿಗೆ ಶಾಪ ಹಾಕುತ್ತಾರೆ.

ಮಾರ್ಚ್ ೫, ಬುಧವಾರ

ವಿಸಿಟಿಂಗ್ ಕಾರ್ಡು ಬಂತು. ನಾನು ಸಂಸ್ಥಾಪಕಿ, ಜಿರಾಫೆ ಸಹ-ಸಂಸ್ಥಾಪಕಿ. ಕಂಪನಿಯ ಹೆಸರು 'ಮೇಘಮಸ್ತಕ', ಜಿರಾಫೆ ಇಟ್ಟದ್ದು. ಅಜ್ಜ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಓದಿದರು. "ಈ ಕಷಾಯ ದಿನಕ್ಕೆ ಎಷ್ಟು ಸಲ ಕುಡೀಬೇಕು?" ಎಂದು ಕೇಳಿದರು.

ಆಮೇಲೆ ಅಂಗಡಿ ಮುಂದೆ ಕೈಕಟ್ಟಿ ನಿಂತು ಫೋಟೋ. ಸಂಸ್ಥಾಪಕರು ಯಾಕೆ ಎಲ್ಲ ಫೋಟೋದಲ್ಲೂ ಕೈಕಟ್ಟಿರುತ್ತಾರೋ ಗೊತ್ತಿಲ್ಲ, ಆದರೆ ಕಟ್ಟಿದ ತಕ್ಷಣ ಗತ್ತು ತಾನಾಗಿ ಬರುತ್ತದೆ. ನಡುವೆ ಯಾರೋ ಮುದುಕರು ಹಳೇ ದಿಂಬು ಕಂಕುಳಲ್ಲಿ ಇರುಕಿಕೊಂಡು ಫೋಟೋದೊಳಕ್ಕೆ ಬಂದರು. ಜಿರಾಫೆ "ಸ್ವಲ್ಪ ಆ ಕಡೆ ಇರಿ ಸಾರ್, ಬೆಳಕು ಹೋಗುತ್ತೆ" ಎಂದಳು. ದೊಡ್ಡಮ್ಮ ಒಳಗಿಂದ ಬಂದು ನಮ್ಮನ್ನೇ ಆ ಕಡೆ ಸರಿಸಿ ಅವರನ್ನು ಕರೆದುಕೊಂಡು ಹೋದಳು.

ಮಾರ್ಚ್ ೧೧, ಮಂಗಳವಾರ

ಕಾರ್ಯಕ್ರಮಕ್ಕೆ ಅರ್ಜಿಯ ಜೊತೆ ವಿಡಿಯೋ ಕಳಿಸಿಯಾಯಿತು. ಅದರಲ್ಲಿ ನಾನು "ಜಗತ್ತಿನ ನಿದ್ದೆಯನ್ನು ಬದಲಾಯಿಸುತ್ತೇವೆ" ಎನ್ನುತ್ತೇನೆ. ಹೇಳುವಾಗ ನನಗೇ ಮೈ ಜುಮ್ಮೆಂದಿತು.

ವಿಡಿಯೋ ಮಾಡಿದ ಮೇಲೆ ದೊಡ್ಡಮ್ಮ "ಒಂದು ದಿಂಬು ಮಾಡು ನೋಡೋಣ" ಎಂದಳು. ಮಾಡಿದೆ. ಅಜ್ಜ ತಲೆಯಿಟ್ಟು ನೋಡಿ, ಇದನ್ನು ಬಾಗಿಲಿಗೆ ಒತ್ತು ಕೊಡಲು ಇಟ್ಟುಕೊಳ್ಳಿ ಎಂದರು. ಅಂಗಡಿಯ ಹಿಂಬದಿ ಹತ್ತಿ ಬಿಡಿಸುವ ಯಂತ್ರ, ಮುಂದೆ ಮೇಜು, ಪಕ್ಕದಲ್ಲಿ ಗಿರಾಕಿಗಳು ಮಲಗಿ ನೋಡಲು ಒಂದು ಕಿರಿದಾದ ಮಂಚ. ಇಷ್ಟೇ ಇರುವ ಜಾಗದಲ್ಲಿ ಇಷ್ಟೊಂದು ತಪ್ಪು ಮಾಡಬಹುದೆಂದು ಗೊತ್ತಿರಲಿಲ್ಲ. ಹತ್ತಿಯನ್ನು ಹಿಡಿಹಿಡಿಯಾಗಿ ಮೂಲೆಯಿಂದ ತುಂಬುತ್ತಾ ಬರಬೇಕಂತೆ, ನಾನು ಚೀಲಕ್ಕೆ ಬಟ್ಟೆ ತುರುಕಿದ ಹಾಗೆ ತುರುಕಿದ್ದೆ. ದೊಡ್ಡಮ್ಮ ನನ್ನನ್ನೇ ಮಂಚದ ಮೇಲೆ ಮಲಗಿಸಿ ಕುತ್ತಿಗೆಯ ಕೆಳಗೆ ಬೆರಳು ತೂರಿಸಿದಳು. "ತಲೆ ತನ್ನನ್ನ ತಾನು ನೋಡ್ಕೊಳ್ಳುತ್ತೆ. ಇಲ್ಲಿ ಟೊಳ್ಳಿರುತ್ತಲ್ಲ, ಇದನ್ನ ತುಂಬಿಸ್ಬೇಕು." ಕಚಗುಳಿಯಾಗಿ ನಾನು ಮಂಚದಿಂದ ಬಿದ್ದೆ.

ಮಾರ್ಚ್ ೧೨, ಬುಧವಾರ

ಇವತ್ತು ನಮ್ಮ ಜೀವನದ ಮೊದಲ ಡೀಲ್.

ದೊಡ್ಡಮ್ಮ ಡಾಕ್ಟರ ಹತ್ತಿರ ಹೋಗಿದ್ದಳು. ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ ಮೇಡಂ ಬಂದರು. ಅವರ ಹಾಸ್ಟೆಲ್ಲಿಗೆ ಪೂರ್ತಿ, ಎಲ್ಲ ಕೋಣೆಗೂ, ಹೊಸ ದಿಂಬು ಬೇಕಂತೆ. ಒಂದು ದರವನ್ನೂ ಅವರೇ ಹೇಳಿದರು. ಕೆಟ್ಟ ದರವೇನಲ್ಲ. ಆದರೆ ಮೊದಲ ಆಫರಿಗೇ ಹೂಂ ಅನ್ನುವವರನ್ನು ಹುಬ್ಬು ಸಾಹುಕಾರರು ಹೇಗೆ ನೋಡುತ್ತಾರೆಂದು ನಮಗೆ ಗೊತ್ತಿಲ್ಲವೇ? ನಾನೂ ಜಿರಾಫೆಯೂ ಕಣ್ಣಲ್ಲೇ ಮಾತಾಡಿಕೊಂಡೆವು.

"ಎರಡು ನಿಮಿಷ ಹೊರಗೆ ಹೋಗಿ ಚರ್ಚೆ ಮಾಡ್ಕೊಂಡು ಬರ್ತೀವಿ ಮೇಡಂ," ಎಂದೆ. ಟೀವಿಯಲ್ಲಿ ಹಾಗೇ ಹೇಳುವುದು.

ಹೊರಗೆ ಬೀದಿಯಲ್ಲಿ ನಿಂತು ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ಜಿರಾಫೆ ನನ್ನ ಭುಜ ಹಿಡಿದು "ನಿನ್ನ ಮೇಲೆ ನನಗೆ ನಂಬಿಕೆ ಇದೆ" ಎಂದಳು. ನನಗೆ ಕಣ್ಣಲ್ಲಿ ನೀರು ಬಂತು. ಚರ್ಚೆ ಮಾಡಲು ಏನೂ ಇರಲಿಲ್ಲವಾದ್ದರಿಂದ ಇನ್ನೊಮ್ಮೆ ತಬ್ಬಿಕೊಂಡೆವು. ಒಳಗೆ ಬಂದು ಗಂಟಲು ಸರಿಮಾಡಿಕೊಂಡು ಹೇಳಿದೆ, "ನಿಮ್ಮ ಆಫರಿಗೆ ಧನ್ಯವಾದ. ಆದರೆ ನಮ್ಮ ಬೆಲೆ ನಮಗೆ ಗೊತ್ತಿದೆ. ಇದರ ಎರಡು ಪಟ್ಟು."

ಮೇಡಂ ನಮ್ಮಿಬ್ಬರನ್ನೂ ನೋಡಿದರು. ಕೊಡೆ ತೆಗೆದುಕೊಂಡರು. ಹೊರಟೇಬಿಟ್ಟರು.

ಜಿರಾಫೆ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಸುಮ್ನಿರು. ಬಾಗಿಲವರೆಗೂ ಹೋಗಿ ತಿರುಗ್ತಾರೆ. ಯಾವಾಗ್ಲೂ ತಿರುಗ್ತಾರೆ." ಅವರು ತಿರುಗಿದಾಗ ತೋರಿಸಬೇಕಾದ ಮುಖವನ್ನು ಇಬ್ಬರೂ ಸಿದ್ಧಮಾಡಿಕೊಂಡು ನಿಂತೆವು.

ಮಾರ್ಚ್ ೧೩, ಗುರುವಾರ

ಮೇಡಂ ಇನ್ನೂ ತಿರುಗಿಲ್ಲ.

ದೊಡ್ಡಮ್ಮನಿಗೆ ಹೇಳಿದೆವು. ಬೈಯುತ್ತಾಳೆಂದುಕೊಂಡರೆ ಕೆಮ್ಮು ಬರುವಷ್ಟು ನಕ್ಕಳು. "ಟೀವೀಲಿ ಅವರಿಗೆ ಕೂತಿರೋಕೇ ದುಡ್ಡು ಕೊಡ್ತಾರೆ ಕಣ್ರೇ. ಈಯಮ್ಮನಿಗೆ ಯಾರು ಕೊಟ್ಟಿದ್ರು?" ನಕ್ಕು ಮುಗಿದ ಮೇಲೆ ಬಾಗಿಲ ಕಡೆ ನೋಡುತ್ತಾ ಸುಮ್ಮನೆ ಕೂತಳು. ಆ ಕೂತಿದ್ದನ್ನು ನೋಡಲಾಗಲಿಲ್ಲ.

ಮಾರ್ಚ್ ೧೯, ಬುಧವಾರ

ಆಯ್ಕೆಯಾದೆವು. ಆಯ್ಕೆಯಾದೆವು. ಆಯ್ಕೆಯಾದೆವು. ಫೋನ್ ಬಂದಾಗ ನಾನು ಹತ್ತಿ ಮೂಟೆಯ ಮೇಲಿದ್ದೆ, ಅಲ್ಲೇ ಕುಣಿದು ಅದರೊಳಗೆ ಸೊಂಟದವರೆಗೆ ಇಳಿದುಹೋದೆ. ಜಿರಾಫೆ ಎಳೆದು ತೆಗೆದಳು.

ಫೋನ್ ಮಾಡಿದವರು ಕಾರ್ಯಕ್ರಮದವರು, ತುಂಬ ಮೃದು ದನಿ. ಟೀವಿ ಅಣ್ಣ ಎಂದು ಕರೆಯುತ್ತಿದ್ದೇವೆ. ಅವರಿಗೆ ನಮ್ಮ ಕಷ್ಟ ಬೇಕಂತೆ.

"ನಿಮ್ಮ ತಂದೆ ಇದಾರಾ?"

"ಇದಾರೆ. ಬಸ್ ಡಿಪೋದಲ್ಲಿ ಟೈಮ್ ಕೀಪರ್."

"ಆರೋಗ್ಯ?"

"ಚೆನ್ನಾಗಿದಾರೆ."

"ಓಹ್," ಎಂದರು ಟೀವಿ ಅಣ್ಣ. ಅವರಿಗಾದ ಬೇಸರ ಕೇಳಿ ನನಗೇ ಪಾಪ ಅನ್ನಿಸಿತು. "ಮನೇಲಿ ಮಾತಾಡಿ ನೋಡಿ. ಏನಾದ್ರೂ ಇದ್ದೇ ಇರುತ್ತೆ."

ಸಂಜೆ ಮನೆಯವರೆಲ್ಲ ಕೂತು ದುಃಖ ಹುಡುಕಿದೆವು. ಅಪ್ಪ ತಮ್ಮ ಮಂಡಿ ನೋವನ್ನು ಕೊಡಲು ಮುಂದೆ ಬಂದರು. ಸಾಲದು ಎಂದಳು ಜಿರಾಫೆ. ಅಮ್ಮನಿಗೆ ಕಾಲೇಜಿನಲ್ಲಿ ಹಾಡಿನ ಸ್ಪರ್ಧೆಯಲ್ಲಿ ಮೋಸವಾಗಿತ್ತು, ಅದನ್ನು ಹೇಳುತ್ತಾ ಆಕೆಗೇ ಸಿಟ್ಟು ಬಂದು ಎದ್ದುಹೋದಳು. ಕೊನೆಗೆ ಅಜ್ಜ ಕೈ ಎತ್ತಿದರು. "ನನ್ನನ್ನ ಸಾಯ್ಸಿಬಿಡಿ. ನಾನೇನೂ ಅಂದ್ಕೊಳಲ್ಲ. ಕೊನೇ ಆಸೆ ಒಂದು ಒಳ್ಳೆ ದಿಂಬು ಅಂತ ಹಾಕಿ."

ಜಿರಾಫೆ ನಿಜವಾಗಿಯೂ ಬರೆದುಕೊಂಡಳು. ದೊಡ್ಡಮ್ಮ ಆ ಹಾಳೆ ಕಿತ್ತುಕೊಂಡು ಹರಿದಳು. "ನನ್ನ ಕೆಮ್ಮನ್ನೂ ಹೇಳಕೂಡದು. ಕೆಮ್ಮಿಗೆ ಯಾರಾದ್ರೂ ದಿಂಬು ತಗೋತಾರಾ?"

ಮಾರ್ಚ್ ೨೪, ಸೋಮವಾರ

ಹಾಸ್ಟೆಲ್ಲಿಗೆ ಹೋಗಿದ್ದೆ, ಒಬ್ಬಳೇ. ಜಿರಾಫೆಗೆ ಹೇಳಲಿಲ್ಲ, ಸಂಸ್ಥಾಪಕರು ಕ್ಷಮೆ ಕೇಳುವುದಿಲ್ಲ ಎಂದು ಅವಳ ವಾದ. ನನಗೆ ದೊಡ್ಡಮ್ಮ ಬಾಗಿಲು ನೋಡಿಕೊಂಡು ಕೂತಿದ್ದು ಮನಸ್ಸಿನಿಂದ ಹೋಗುತ್ತಿರಲಿಲ್ಲ.

ವಾರ್ಡನ್ ಮೇಡಂ ನನ್ನನ್ನು ನೋಡಿದವರೇ, "ಅವತ್ತು ಇಬ್ಬರೂ ಓಡಿಹೋದ್ರಲ್ಲ, ಅಂಗಡಿಗೆ ಬೆಂಕಿ ಬಿತ್ತೇನೋ ಅಂದ್ಕೊಂಡೆ," ಎಂದರು. "ಆಮೇಲೆ ನೋಡಿದ್ರೆ ತಬ್ಕೊಂಡು ಅಳ್ತಾ ಇದೀರಿ. ಮನೇಲಿ ಯಾರಾದ್ರೂ ಹೋಗ್ಬಿಟ್ರಾ ಅಂತ ಕೇಳೋಣ ಅನ್ನೋಷ್ಟರಲ್ಲಿ ಬಂದು ಎರಡು ಪಟ್ಟು ಕೇಳಿದ್ರಿ."

ಏನು ಹೇಳಲಿ? ನಿಜವನ್ನೇ ಹೇಳಿದೆ, ಟೀವಿಯಲ್ಲಿ ಹಾಗೆ ಮಾಡುತ್ತಾರೆ ಎಂದು. ಮೇಡಂ ತುಟಿ ಕಚ್ಚಿ ಹಿಡಿದಿದ್ದ ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡರು. ಪೂರ್ತಿ ಕೆಲಸ ಕೊಡಲಿಲ್ಲ, ಅಷ್ಟು ಪುಣ್ಯ ನಾನು ಮಾಡಿಲ್ಲ. ಒಂದು ಕೋಣೆ ಕೊಟ್ಟರು. ಹಾಸ್ಟೆಲ್ಲಿನಲ್ಲೇ ಹೆಚ್ಚು ಗೊಣಗುವವರ ಕೋಣೆಯಂತೆ. ಅವರ ಬಾಯಿ ಮುಚ್ಚಿಸಿದರೆ ಮಿಕ್ಕದ್ದು ಆಮೇಲೆ.

ಮಾರ್ಚ್ ೩೧, ಸೋಮವಾರ

ಗೊಣಗುವವರ ಕೋಣೆಯಲ್ಲಿ ನಾಲ್ವರಿದ್ದಾರೆ. ಇಡೀ ವಾರ ಅವರದೇ ಧ್ಯಾನ. ಒಬ್ಬಳು ಬೋರಲು ಮಲಗುವವಳು, ಅವಳಿಗೆ ದಿಂಬೆಂದರೆ ಬಟ್ಟೆಯ ಒಂದು ಮಡಿಕೆಯಷ್ಟು ತೆಳ್ಳಗಿರಬೇಕು. ಕಿಟಕಿ ಪಕ್ಕದವಳು ನರ್ಸಿಂಗ್ ಓದುವವಳು, ಭುಜ ಅಗಲ, ಪಕ್ಕಕ್ಕೆ ಮಲಗಿದರೆ ಕುತ್ತಿಗೆ ಕೆಳಗೆ ಜಾರುತ್ತದೆ. ಇನ್ನೊಬ್ಬಳಿಗೆ ಎಷ್ಟು ಮಾಡಿದರೂ ಎತ್ತರ. ಮೂರು ಸಲ ಹೊಲಿಗೆ ಬಿಚ್ಚಿ ಹತ್ತಿ ತೆಗೆದೆ, ಮೂರು ಸಲವೂ ಎತ್ತರ. ಕೊನೆಗೆ ನೋಡಿದರೆ ಅವಳ ಹಾಸಿಗೆಯೇ ನಡುವೆ ಕುಸಿದಿದೆ, ದಿಂಬಿನದೇನೂ ತಪ್ಪಿಲ್ಲ. ಹಾಸಿಗೆ ತಿರುಗಿಸಿ ಹಾಕಿದೆ. "ಅಕ್ಕಾ, ಇದೇ ಕಣಕ್ಕಾ," ಎಂದು ಮಲಗಿದಲ್ಲೇ ಕಣ್ಣು ಮುಚ್ಚಿದಳು. ಆ ಮುಖ ನೋಡಿ ನಾನು ಮೆಟ್ಟಿಲು ಎರಡೆರಡೇ ಹಾರಿ ಇಳಿದೆ, ಕೊನೆಯ ಮೆಟ್ಟಿಲಲ್ಲಿ ವಾರ್ಡನ್ ಮೇಡಂಗೆ ಡಿಕ್ಕಿ ಹೊಡೆದೆ.

ನಾಲ್ಕನೆಯವಳು ಏನೂ ಹೇಳುವುದಿಲ್ಲ, ಚೆನ್ನಾಗಿದೆ ಎನ್ನುತ್ತಾಳೆ ಅಷ್ಟೆ. ಅವಳೇ ದೊಡ್ಡ ತಲೆನೋವು. ಚೆನ್ನಾಗಿದೆ ಅನ್ನುವವರನ್ನು ನಂಬಬೇಡ, ಮಲಗಿದಾಗ ಅವರ ದವಡೆ ನೋಡು ಎಂದಳು ದೊಡ್ಡಮ್ಮ. ನೋಡಿದೆ. ಬಿಗಿಯಾಗಿತ್ತು. ನಾಳೆ ಅವಳದನ್ನು ಮತ್ತೆ ಬಿಚ್ಚಬೇಕು.

ಇವತ್ತು ಸಾಹುಕಾರರ ಮುಂದೆ ಹೇಳಬೇಕಾದ ಪಿಚ್ಚಿನ ತಾಲೀಮು ಇತ್ತಂತೆ. ಮರೆತೇ ಹೋಗಿತ್ತು.

ಏಪ್ರಿಲ್ ೪, ಶುಕ್ರವಾರ

ಜಿರಾಫೆ ಮುನಿಸಿಕೊಂಡಿದ್ದಾಳೆ. ನಾನು ಸುಮಾರು ಸಲ ತಾಲೀಮು ತಪ್ಪಿಸಿದೆನಂತೆ. "ನಿನಗೆ ಈಗ ದೊಡ್ಡ ಕನಸೇ ಇಲ್ಲ ಕಣೇ," ಎಂದಳು. ಎದೆಗೆ ಚುಚ್ಚಿತು. ಇದೆ ಎಂದು ಜಗಳವಾಡಿದೆ, ಆದರೆ ಕೈಯಲ್ಲಿ ಅರ್ಧ ತುಂಬಿದ ದಿಂಬಿತ್ತು, ಜಗಳದ ನಡುವೆಯೂ ತುಂಬುತ್ತಲೇ ಇದ್ದೆ. ಅವಳು ಅದನ್ನು ನೋಡಿ ಇನ್ನೂ ಕೂಗಿದಳು. ಕೊನೆಗೆ ಅವಳೇ ಬಿಸ್ಕತ್ತು ತಂದಳು. ಚಿತ್ರೀಕರಣದವರೆಗೆ ದಿನಾ ಸಂಜೆ ತಾಲೀಮು ಎಂದು ಮಾತು ಕೊಟ್ಟಿದ್ದೇನೆ.

ಏಪ್ರಿಲ್ ೧೨, ಶನಿವಾರ

ಎಲ್ಲಾ ಹಾಳುಮಾಡಿಬಿಟ್ಟೆ. ಮೊದಲಿಂದ ಬರೆಯುತ್ತೇನೆ.

ಸ್ಟುಡಿಯೋ ಎಂದರೆ ಪ್ಲೈವುಡ್ಡು. ಟೀವಿಯಲ್ಲಿ ಕಾಣುವ ಅರಮನೆಯ ಗೋಡೆಗೆ ಹಿಂದಿನಿಂದ ಕೋಲು ಊರಿ ನಿಲ್ಲಿಸಿದ್ದಾರೆ. ಎಲ್ಲಕ್ಕಿಂತ ದೊಡ್ಡ ಆಘಾತ, ಆ ಗಂಟೆಗೆ ಶಬ್ದವೇ ಇಲ್ಲ. ಹೊಡೆದರೆ ಟಕ್ ಎನ್ನುತ್ತದೆ, ಶಬ್ದ ಆಮೇಲೆ ಸೇರಿಸುವುದಂತೆ. ನನಗೆ ಅಳು ಬಂದಿತು. ಜಿರಾಫೆಗೆ ಮಾತ್ರ ಸ್ವರ್ಗಕ್ಕೆ ಬಂದಷ್ಟು ಖುಷಿ. ಯಾವ ವೈರು ಎಲ್ಲಿಗೆ ಹೋಗುತ್ತದೆ, ದೀಪ ಯಾರು ಎತ್ತುತ್ತಾರೆ ಎಂದು ಟೀವಿ ಅಣ್ಣನ ತಲೆ ತಿಂದಳು. ದೀಪದವರಿಗೆ ಕೈ ಎಟುಕದ ಒಂದು ಕೊಂಡಿಯನ್ನು ಏಣಿಯಿಲ್ಲದೆ ಸಿಕ್ಕಿಸಿಯೂ ಕೊಟ್ಟಳು.

ಮನೆಯವರಿಗೆ ಬದಿಯಲ್ಲಿ ಬೆಂಚು. ಅಳು ಬಂದರೆ ತಡೆಯಬೇಡಿ ಎಂದು ಅವರಿಗೆಲ್ಲ ಹೇಳಿದ್ದರು. ದೊಡ್ಡಮ್ಮ ಬರುವುದಿಲ್ಲ ಎಂದಿದ್ದವಳು ಇಸ್ತ್ರಿ ಮಾಡಿದ ಸೀರೆಯುಟ್ಟು ಎಲ್ಲರಿಗಿಂತ ಮೊದಲು ಕೂತಿದ್ದಳು.

ನಮ್ಮ ಸರದಿ ಬಂತು. "ಜಗತ್ತಿನ ನಿದ್ದೆಯನ್ನು" ಎನ್ನುವವರೆಗೆ ಸರಿಯಾಗೇ ಇತ್ತು. ಹುಬ್ಬು ಸಾಹುಕಾರರು ಮಾದರಿ ದಿಂಬನ್ನು ಕೈಯಲ್ಲಿ ಹಿಡಿದು, ಹಿಸುಕಿ, ಹುಬ್ಬು ಏರಿಸಿದರು. "ಇದರಲ್ಲಿ ಹೊಸದೇನಿದೆ?"

ಬಾಯಿಪಾಠ ಮಾಡಿದ ಉತ್ತರವಿತ್ತು. ಆದರೆ ಹಾಗೆ ಹಿಸುಕುವುದನ್ನು ನೋಡಿ ಬಾಯಿಗೆ ಬಂದದ್ದೇ ಬೇರೆ. "ಕೈಲಿ ಹಿಡಿದ್ರೆ ಗೊತ್ತಾಗಲ್ಲ ಸಾರ್. ಮಲಗಿ."

ಯಾರೋ ನಕ್ಕರು. ಅವರು ಮಲಗಿದರು. ನಿಜವಾಗಿ, ಕೋಟು ಹಾಕಿಕೊಂಡೇ, ನಾಲ್ಕು ಕುರ್ಚಿಯ ಮುಂದಿನ ಮೇಜಿನ ಮೇಲೆ. ನಾನು ಕುತ್ತಿಗೆಯ ಕೆಳಗೆ ಬೆರಳಿಟ್ಟೆ. ಒಂದು ಬದಿ ಬಿಗಿದು ಮರದ ಹಾಗಿದೆ.

"ನೀವು ಯಾವಾಗ್ಲೂ ಬಲಕ್ಕೆ ಮಲಗ್ತೀರಾ?"

"ಹೌದು."

"ಬೆಳಿಗ್ಗೆ ತಲೆನೋವು?"

ಅವರು ಕಣ್ಣು ಮೇಲಕ್ಕೆತ್ತಿ ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ "ಹೂಂ" ಎಂದರು. ಹುಬ್ಬು ಎರಡೂ ಕೆಳಗಿದ್ದವು.

ಅಲ್ಲಿಂದ ಮುಂದೆ ಎಲ್ಲಿದ್ದೇನೆಂದೇ ನನಗೆ ಮರೆತುಹೋಯಿತು. ಹೊಲಿಗೆ ಬಿಚ್ಚಿ ಹತ್ತಿ ತೆಗೆದೆ, ತಲೆ ಎತ್ತಿಸಿದೆ, ಇಟ್ಟೆ, ಮತ್ತೆ ತೆಗೆದೆ. ಫ್ಯಾನಿನ ಗಾಳಿಗೆ ಹತ್ತಿ ಇಡೀ ವೇದಿಕೆಯಲ್ಲಿ ಹಾರಾಡಿತು. ಪಕ್ಕದ ಕುರ್ಚಿಯ ಕೆಂಪು ಕನ್ನಡಕದ ಮೇಡಂ ಒಂದೇ ಸಮ ಸೀನಿದರು. ಕ್ಯಾಮೆರಾದವರು ಲೆನ್ಸ್ ಒರೆಸಿದರು. ಜಿರಾಫೆ ಮೊಣಕೈಯಿಂದ ತಿವಿದದ್ದು ಗೊತ್ತು, ಯಾಕೆ ಎಂದು ಹೊಳೆಯಲಿಲ್ಲ.

"ಎಷ್ಟು ಕೇಳ್ತಿದೀರಿ?" ಎಂದರು ಸಾಹುಕಾರರು, ಮಲಗಿದಲ್ಲಿಂದಲೇ.

ನಾನು ದಿಂಬಿನ ದರ ಹೇಳಿದೆ.

"ಅಷ್ಟೇನಾ?" ಎಂದರು. ನಾನು, "ಗವಸು ಬೇರೆ ಸಾರ್" ಎಂದೆ. "ಇವತ್ತು ಒಯ್ಯಿರಿ, ವಾರ ಬಿಟ್ಟು ಅಂಗಡಿಗೆ ಬಂದು ಇನ್ನೊಮ್ಮೆ ಮಲಗಿ. ಹತ್ತಿ ಕೂತ ಮೇಲೆ ಒಂದು ಹಿಡಿ ಸೇರಿಸ್ಬೇಕಾಗುತ್ತೆ."

ಬಂಡವಾಳ ಕೇಳಲೇ ಇಲ್ಲ. ಪಾಲು, ಮೌಲ್ಯ, ಮುಂದಿನ ಯೋಜನೆ, ಒಂದೂ ಹೇಳಲಿಲ್ಲ. ಟಕ್ ಎಂಬ ಶಬ್ದವೂ ಬರಲಿಲ್ಲ. ಮೂರು ವರ್ಷ ಕನಸು ಕಂಡ ಜಾಗಕ್ಕೆ ಹೋಗಿ ಗಿರಾಕಿಗೆ ದಿಂಬು ಮಾರಿ ಬಂದೆ. ಜಿರಾಫೆ ಬಸ್ಸಿನಲ್ಲಿ ಮೊದಲು ಅತ್ತಳು, ಆಮೇಲೆ ಗವಸಿನ ಮಾತು ನೆನಪಾಗಿ ನಗಲು ಶುರುಮಾಡಿದಳು. ಇಬ್ಬರೂ ನಕ್ಕು ನಕ್ಕು ಇಳಿಯುವ ಸ್ಟಾಪು ದಾಟಿ ಹೋದೆವು. ದೊಡ್ಡಮ್ಮ ದಾರಿಯುದ್ದಕ್ಕೂ ನನ್ನ ಕೂದಲಿನಿಂದ ಹತ್ತಿ ಹೆಕ್ಕುತ್ತಾ ಕೂತಿದ್ದಳು.

ಏಪ್ರಿಲ್ ೧೩, ಭಾನುವಾರ

ಬರೆಯಲು ಮನಸ್ಸಿಲ್ಲ. ನಾಲ್ಕನೆಯ ಹುಡುಗಿಯ ದವಡೆ ಸಡಿಲಾಯಿತು, ಅದೊಂದೇ ಒಳ್ಳೆಯ ಸುದ್ದಿ.

ಏಪ್ರಿಲ್ ೨೭, ಭಾನುವಾರ

ಇವತ್ತು ಪ್ರಸಾರ. ನೆರೆಹೊರೆಯೆಲ್ಲ ನಮ್ಮ ಮನೆಯಲ್ಲಿ. ನನಗೆ ನೋಡಲಾಗಲಿಲ್ಲ, ವಾರ್ಡನ್ ಮೇಡಂ ಹಾಸ್ಟೆಲ್ಲಿನ ಮಿಕ್ಕ ಕೋಣೆಗಳನ್ನೂ ಒಪ್ಪಿಸಿದ್ದಾರೆ, ಎರಡನೇ ಮಹಡಿಯವರು ಅಳತೆಗೆ ಬಂದಿದ್ದರು. ಬಂದವರನ್ನು ಟೀವಿ ಇದೆ ಆಮೇಲೆ ಬನ್ನಿ ಎನ್ನಲು ಆಗುತ್ತದೆಯೇ?

ಮನೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ನಾವು ಬಂದದ್ದು ಸೀನುವಷ್ಟು ಹೊತ್ತಂತೆ. ಕೆಂಪು ಕನ್ನಡಕದ ಮೇಡಂ ಸೀನುತ್ತಾರೆ, ನಾನು ಹಿಂದೆ ಹತ್ತಿಯ ನಡುವೆ ಕಾಣುತ್ತೇನೆ, ಅಷ್ಟೇ. "ಮುಖ ಚೆನ್ನಾಗಿ ಬಂದಿದೆ" ಎಂದಳು ಅಮ್ಮ. ತಮ್ಮನ್ನು ತೋರಿಸಲಿಲ್ಲವೆಂದು ಅಜ್ಜ ಸಿಟ್ಟಾಗಿದ್ದರು. ಬೇಜಾರು ಬರುತ್ತದೆಂದು ಕಾದೆ, ಬರಲಿಲ್ಲ. ಹಸಿವು ಬಂತು.

ಜಿರಾಫೆಯ ಸುದ್ದಿ ಬರೆಯಲೇಬೇಕು. ಟೀವಿ ಅಣ್ಣ ಅವಳಿಗೇ ಫೋನ್ ಮಾಡಿದ್ದರು, ಸ್ಟುಡಿಯೋದಲ್ಲಿ ಸಹಾಯಕಿಯ ಕೆಲಸ. ನಿಧಾನವಾಗಿ, ನನ್ನ ಮುಖ ನೋಡುತ್ತಾ ಹೇಳಿದಳು, "ಸಂಬಳ ಕಣೇ." ನಾನು ಅವಳನ್ನು ತಬ್ಬಿ ಎತ್ತಲು ಹೋಗಿ ಇಬ್ಬರೂ ಬಿದ್ದೆವು.

ಏಪ್ರಿಲ್ ೩೦, ಬುಧವಾರ

ಇವತ್ತು ಕೊನೆಯ ದಿನ. ದೊಡ್ಡಮ್ಮ ಬೆಳಿಗ್ಗೆಯಿಂದ ಕರಾರಿನ ಮಾತೇ ಎತ್ತಲಿಲ್ಲ. ಕೇಳಲು ನನಗೆ ಧೈರ್ಯ ಬರಲಿಲ್ಲ. ಹತ್ತಿ ಬಿಡಿಸುವಾಗ ಕಟ್ಟಿಕೊಳ್ಳಲು ತಂದ ಮುಖಗವಸನ್ನು ಕಟ್ಟಿಕೊಂಡು ಕೂತೆ, ಮುಖ ಕಾಣದಿರಲಿ ಎಂದು. ಟೀವಿ ಹೋದದ್ದಕ್ಕೆ ಆಗದ ಸಂಕಟ ಈ ಮಂಚ, ಈ ಮೇಜು ನೋಡಿ ಆಗುತ್ತಿತ್ತು. ನಾಳೆ ಇಲ್ಲಿ ಮೊಬೈಲುಗಳಿರುತ್ತವೆ ಎಂದುಕೊಂಡು ಮೇಜನ್ನು ಎರಡು ಸಲ ಒರೆಸಿದೆ.

ಮಧ್ಯಾಹ್ನ ದೊಡ್ಡಮ್ಮ ಚಪ್ಪಲಿ ಬಿಟ್ಟು ಮಂಚದ ಮೇಲೆ ಮಲಗಿದಳು. ಸುಸ್ತಾಗಿದೆಯೇನೋ ಎಂದುಕೊಂಡೆ. "ಏನು ನೋಡ್ತಿದೀಯಾ? ಅಳತೆ ತಗೋ," ಎಂದಳು.

ಅವಳ ಕುತ್ತಿಗೆಯ ಕೆಳಗೆ ಬೆರಳಿಟ್ಟೆ. ಆ ತಲೆ ಇಷ್ಟು ಹಗುರ ಎಂದು ಗೊತ್ತಿರಲಿಲ್ಲ. ಚೀಲ ತೆಗೆದು ತುಂಬತೊಡಗಿದೆ, ಮೂಲೆಯಿಂದ, ಹಿಡಿಹಿಡಿಯಾಗಿ. ಅವಳು ಕಣ್ಣು ಮುಚ್ಚಿದ್ದಳು. ಒಂದು ಸಲವೂ ಕೆಮ್ಮಲಿಲ್ಲ, ತಿದ್ದಲೂ ಇಲ್ಲ.

ಅಷ್ಟರಲ್ಲಿ ಮೊಬೈಲ್ ರಿಪೇರಿಯವರು ಅಳತೆ ಟೇಪು ಹಿಡಿದು ಬಂದರು. ಗೋಡೆಗೆ ಟೇಪು ಹಚ್ಚುತ್ತಾ, "ಇವತ್ತು ಖಾಲಿ ಮಾಡ್ತೀರಲ್ವಾ?" ಎಂದು ದೊಡ್ಡ ದನಿಯಲ್ಲಿ ಕೇಳಿದರು.

"ಮೆಲ್ಲಗೆ," ಎಂದೆ. "ಮಲಗಿದಾರೆ."

ದೊಡ್ಡಮ್ಮ ಕಣ್ಣು ತೆರೆಯಲಿಲ್ಲ. "ಅವಳನ್ನೇ ಕೇಳಪ್ಪ, ಅಂಗಡಿ ಅವಳದು. ನಾನು ದಿಂಬು ಮಾಡಿಸ್ಕೊಳ್ಳೋಕೆ ಬಂದಿದೀನಿ."

ನಾನು ಹೊಲಿಗೆ ಹಾಕಲೆಂದು ಸೂಜಿ ಹಿಡಿದಿದ್ದೆ. ಕಣ್ಣು ತುಂಬಿ ದಾರ ಎಲ್ಲಿ, ಸೂಜಿಯ ತೂತು ಎಲ್ಲಿ ಒಂದೂ ಕಾಣಲಿಲ್ಲ. ನಗುವೂ ಬರುತ್ತಿತ್ತು. ಒಮ್ಮೆ ತಪ್ಪಿತು, ಮತ್ತೊಮ್ಮೆ ತಪ್ಪಿತು. ರಿಪೇರಿಯವರು ಸ್ವಲ್ಪ ಹೊತ್ತು ನೋಡಿದರು. ಟೇಪು ಸುತ್ತಿ ಜೇಬಿಗೆ ಹಾಕಿದರು. ಆಮೇಲೆ "ಇಲ್ಲಿ ಕೊಡಮ್ಮ" ಎಂದು ನನ್ನ ಕೈಯಿಂದ ಸೂಜಿ ತೆಗೆದುಕೊಂಡು, ದಿನವಿಡೀ ಸಣ್ಣ ಸಣ್ಣ ತಿರುಪು ಹಿಡಿಯುವವರಲ್ಲವೇ, ಒಂದೇ ಸಲಕ್ಕೆ ದಾರ ಪೋಣಿಸಿ ಕೊಟ್ಟರು.